ಗುರಾಣಿ ಹೊತ್ತವಳು

ಮಗಳ ಬಾಣಂತನಕ್ಕೆಂದು ಶಾಲೆಗೆ ರಜೆ ಹಾಕಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯಕ್ಕೆ ಹೋಗಿದ್ದೆ. ಮಗಳು ಅಳಿಯ ಬಾಡಿಗೆಗೆ ಹಿಡಿದಿದ್ದುದು ಬಹಳ ಹಳೆಯ ಮನೆ. ಕೆಳಗೆ ಕಲ್ಲಿನ ಗೋಡೆಯ ನೆಲಮಾಳಿಗೆ. ಅಲ್ಲಿಯೇ ಬಟ್ಟೆ ಒಗೆಯುವ ಯಂತ್ರ, ಮನೆಗೆಲ್ಲ ಶಾಖ ಕೊಡುವ ಒಲೆ, ಅಲ್ಲಿಂದ ಮೇಲಕ್ಕೆ ಹೊರಟ ಕೊಳವೆಗಳು. ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ನಮ್ಮೂರಿನ ಕಾರ್ತಿಕದ ಹಾಗೆ ಹಿತವಾಗಿರುತ್ತಿತ್ತು.

ಒಂದು ರಾತ್ರಿ ಬಚ್ಚಲಿಂದ ಮಗಳ ಕೂಗು ಕೇಳಿಸಿತು. ಮಗುವನ್ನು ಎದೆಗವುಚಿಕೊಂಡೇ ಓಡಿದೆ. ಬಿಳಿಯ ಸ್ನಾನದ ತೊಟ್ಟಿಯ ನಡುವೆ ಅದು ನಿಂತಿತ್ತು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ, ಹಳದಿ ಬೂದು ಬಣ್ಣದ ಮೈ. ಬೆನ್ನ ಮೇಲೆ ಮೂರು ಕಪ್ಪು ಗೆರೆ. ಸುತ್ತಲೂ ಕೂದಲಿನಂಥ ಕಾಲುಗಳು, ಕಾಲಿಗೆಲ್ಲ ಕಪ್ಪು ಪಟ್ಟೆ. ಮುಂದೆ ಎರಡು ಉದ್ದ ಮೀಸೆ, ಹಿಂದೆಯೂ ಅಂಥವೇ ಎರಡು. ತಲೆ ಯಾವುದು, ಬಾಲ ಯಾವುದು ಎಂದು ತಿಳಿಯುವ ಹಾಗಿರಲಿಲ್ಲ. ತೊಟ್ಟಿಯ ನುಣುಪು ಗೋಡೆಯನ್ನು ಹತ್ತಲಾರದೆ ಅದು ಜಾರಿ ಜಾರಿ ಬೀಳುತ್ತಿತ್ತು.

ಅಳಿಯ ಬಂದು ನೋಡಿ ನಕ್ಕುಬಿಟ್ಟ. "ಇಷ್ಟು ಓದಿದವಳು ಒಂದು ಹುಳಕ್ಕೆ ಹೀಗೆ ಕೂಗುವುದೇ?" ಎಂದ. ಮಗಳ ಕಣ್ಣಲ್ಲಿ ನೀರು ಬಂತು. "ನನಗಾಗಿ ಕೂಗಿದೆನೇ? ನಾಳೆ ಅದು ಮಗುವಿನ ಹಾಸಿಗೆಗೆ ಬಂದರೆ?" ಎಂದಳು. ಹಸಿ ಬಾಣಂತಿಯ ಆತಂಕ ಗಂಡಸಿಗೆ ಹೇಗೆ ಗೊತ್ತಾಗಬೇಕು! ಬೆಳಗಾಗುತ್ತಲೇ ಔಷಧ ಹೊಡೆಯುವವರನ್ನು ಕರೆಸಬೇಕು, ಇಡೀ ಮನೆಗೆ ಹೊಡೆಸಬೇಕು ಎಂದು ಅವಳು ಹಟ ಹಿಡಿದಳು.

'ಔಷಧ' ಎಂಬ ಆ ಮಾತು ಕೇಳಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣವಿದೆ.

ನಾನು ಏಳನೆಯ ತರಗತಿಯಲ್ಲಿದ್ದಾಗಿನ ಮಾತು. ನಮ್ಮ ಹಿತ್ತಿಲ ಬಚ್ಚಲಿನಲ್ಲಿ ಹಂಡೆಯ ಹಿಂದೆ, ಸೌದೆಯ ಸಂದಿಯಲ್ಲಿ ಇಂಥವೇ ಉದ್ದ ಕಾಲಿನ ಜರಿಗಳು ಇರುತ್ತಿದ್ದವು. ನನಗೆ ಅವುಗಳನ್ನು ಕಂಡರೆ ಪ್ರಾಣವೇ ಹೋದಂತಾಗುತ್ತಿತ್ತು. ಆಗ ಮನೆಮನೆಯಲ್ಲೂ ಬಿ.ಎಚ್.ಸಿ. ಪುಡಿ ಇರುತ್ತಿತ್ತು. ತಿಗಣೆಗೂ ಅದೇ, ಇರುವೆಗೂ ಅದೇ, ಹೊಲದ ಹುಳುವಿಗೂ ಅದೇ. ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಾಗ ನಾನು ಆ ಪುಡಿಯನ್ನು ಬಚ್ಚಲ ಮೂಲೆಗೆಲ್ಲ ಹಿಡಿ ಹಿಡಿಯಾಗಿ ಎರಚಿಬಿಟ್ಟೆ. ಜರಿಗಳು ಸತ್ತವು. ಹಂಡೆಯ ಬೆಚ್ಚನೆಯ ಬೂದಿಯಲ್ಲಿ ಮಲಗುತ್ತಿದ್ದ ನಮ್ಮ ಬೆಕ್ಕು, ಮೈಗೆ ಅಂಟಿದ ಪುಡಿಯನ್ನು ನೆಕ್ಕಿಕೊಂಡು, ಸಂಜೆಯ ಹೊತ್ತಿಗೆ ನಡುಗುತ್ತಾ ಒದ್ದಾಡಿ ಸತ್ತಿತು. ಅಮ್ಮ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಬಚ್ಚಲನ್ನು ಏಳೆಂಟು ಕೊಡ ನೀರು ಹಾಕಿ ತೊಳೆದಳು, ಅಷ್ಟೇ. ಮುಂದೆ 1997ರಲ್ಲಿ ನಮ್ಮ ದೇಶದಲ್ಲಿ ಬಿ.ಎಚ್.ಸಿ.ಯನ್ನು ನಿಷೇಧಿಸಿದರು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನನಗೆ ಆ ಬೆಕ್ಕು ನೆನಪಾಗಿತ್ತು.

ಆದ್ದರಿಂದ ಮಗಳಿಗೆ, "ಎರಡು ದಿನ ತಡೆ. ಅದು ಏನು, ಎತ್ತ ಎಂದು ತಿಳಿದುಕೊಂಡು ಆಮೇಲೆ ಏನಾದರೂ ಮಾಡೋಣ" ಎಂದೆ. ಆ ರಾತ್ರಿ ಒಂದು ಗಾಜಿನ ಲೋಟ ಕವುಚಿ, ಅಡಿಗೆ ದಪ್ಪ ಕಾಗದ ತೂರಿಸಿ, ಅದನ್ನು ನೆಲಮಾಳಿಗೆಗೆ ಸಾಗಿಸಿದೆ. ಮರುದಿನ ಅಳಿಯನೇ, ನಕ್ಕದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ, ಆ ಪ್ರಾಣಿಯ ಬಗ್ಗೆ ಇದ್ದ ಹಳೆಯ ಹೊಸ ಬರಹಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದುಕೊಟ್ಟ. ಮಗು ಮಲಗಿದಾಗಲೆಲ್ಲ ನಾನು ಅವನ್ನು ಓದಿದೆ. ಇತಿಹಾಸದ ಪಾಠ ಹೇಳುತ್ತಲೇ ತಲೆ ನರೆತವಳಿಗೆ, ಬಚ್ಚಲ ಹುಳಕ್ಕೂ ಒಂದು ಇತಿಹಾಸವಿದೆ ಎಂಬುದು ಹೊಸ ವಿಷಯವಾಗಿತ್ತು.

ಇದರ ಹುಟ್ಟೂರು ಅಮೆರಿಕವಲ್ಲ. ಯುರೋಪಿನ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ಸುತ್ತಣ ಬೆಚ್ಚನೆಯ ನಾಡುಗಳೇ ಇದರ ತವರು. ಅಲ್ಲಿ ಕಲ್ಲಿನಡಿ, ತರಗೆಲೆಯಡಿ, ಗವಿಗಳ ತಂಪಿನಲ್ಲಿ ಬದುಕುವ ಜೀವ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಜಗತ್ತಿನ ಪ್ರಾಣಿಗಳಿಗೆಲ್ಲ ಹೆಸರು ಕೊಟ್ಟ ತನ್ನ ದೊಡ್ಡ ಗ್ರಂಥದಲ್ಲಿ ಇದನ್ನೂ ಸೇರಿಸಿಕೊಂಡ. ದುಂಬಿಯ ರೆಕ್ಕೆಯ ಮೇಲಿನ ಚಿಪ್ಪಿನಂತೆ ಇದರ ಬೆನ್ನ ತಗಡುಗಳು ಕಂಡದ್ದರಿಂದ 'ಕೋಲಿಯಾಪ್ಟ್ರಾಟಾ' ಎಂದು ಕರೆದ. 1801ರಲ್ಲಿ ಫ್ರಾನ್ಸಿನ ಲಾಮಾರ್ಕ್ ಇದನ್ನು ಉಳಿದ ಜರಿಗಳಿಂದ ಬೇರ್ಪಡಿಸಿ 'ಸ್ಕ್ಯೂಟಿಜೆರಾ' ಎಂಬ ಹೊಸ ಕುಲದ ಹೆಸರು ಕೊಟ್ಟ. ಲ್ಯಾಟಿನ್ ಭಾಷೆಯಲ್ಲಿ ಅದು ಸ್ತ್ರೀಲಿಂಗದ ಪದ. 'ಗುರಾಣಿ ಹೊತ್ತವಳು' ಎಂದು ಅರ್ಥ ಹೇಳಬಹುದು. ನಾವು ನೋಡಿ ಚೀರುವ ಪ್ರಾಣಿಗೆ ಎಂಥ ವೀರವನಿತೆಯ ಹೆಸರು!

ನಮ್ಮ ಬಚ್ಚಲುಗಳಲ್ಲಿ ಕಾಣುವ ಉದ್ದಗಾಲಿನ ಜರಿಗಳೂ ಇದರ ದಾಯಾದಿಗಳೇ. ಲಿನೇಯಸ್ಸನ ಶಿಷ್ಯ ಫ್ಯಾಬ್ರಿಸಿಯಸ್ 1793ರಲ್ಲಿ ಹೆಸರಿಸಿದ ಉದ್ದ ಮೀಸೆಯ ಒಂದು ಜಾತಿ ನಮ್ಮ ದಕ್ಷಿಣ ಭಾರತದಲ್ಲೂ ಉಂಟು. ಇವೆರಡನ್ನೂ ಹೊಲಗದ್ದೆಯ ದಪ್ಪ ಕೆಂಪು ಜರಿಯೊಂದಿಗೆ ಮಾತ್ರ ಬೆರೆಸಬಾರದು. ಆ ದಪ್ಪ ಜರಿ ಕಚ್ಚಿದರೆ ಉರಿ, ನೋವು, ಬಾವು ವಿಪರೀತ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಹೆದರುವುದರಲ್ಲಿ ತಪ್ಪೇನೂ ಇಲ್ಲ. ಈ ಉದ್ದಗಾಲಿನದು ಮನುಷ್ಯರನ್ನು ಕಚ್ಚುವುದೇ ಅಪರೂಪ. ಕೈಯಲ್ಲಿ ಹಿಡಿದು ಅದುಮಿದಾಗ ಕಚ್ಚಿದರೂ ಸಾಮಾನ್ಯವಾಗಿ ಜೇನುಹುಳು ಕುಟುಕಿದಷ್ಟು ಅಥವಾ ಅದಕ್ಕಿಂತ ಕಡಿಮೆ ನೋವು.

ಬಿಸಿಲುನಾಡಿನ ಈ ಜೀವ ಹಿಮ ಬೀಳುವ ಪೆನ್ಸಿಲ್ವೇನಿಯಾಕ್ಕೆ ಹೇಗೆ ಬಂತು? ಅಮೆರಿಕದ ಕೃಷಿ ಇಲಾಖೆಯ ಕೀಟತಜ್ಞ ಚಾರ್ಲ್ಸ್ ಮಾರ್ಲಟ್ 1902ರಲ್ಲಿ ಬರೆದ ಒಂದು ಪುಟ್ಟ ಸರಕಾರಿ ಪತ್ರಿಕೆಯಲ್ಲಿ ಇದರ ಪಯಣದ ವಿವರವಿದೆ. ದಕ್ಷಿಣದ ರಾಜ್ಯಗಳಲ್ಲಿ ಮೊದಲು ನೆಲೆಯಾದ ಇದು ನಿಧಾನವಾಗಿ ಉತ್ತರಕ್ಕೆ ಸಾಗಿತು. ಪೆನ್ಸಿಲ್ವೇನಿಯಾದಲ್ಲಿ 1849ರಲ್ಲಿ ಕಾಣಿಸಿತು. ನ್ಯೂಯಾರ್ಕಿಗೆ ಬಂದದ್ದು 1885ರಲ್ಲಿ, ಅಲ್ಲಿಂದ ಮ್ಯಾಸಚೂಸೆಟ್ಸಿಗೆ ಸುಮಾರು 1890ರ ಹೊತ್ತಿಗೆ. ನಲವತ್ತು ವರ್ಷಗಳ ಈ ನಡಿಗೆಯನ್ನು ನಕ್ಷೆಯಲ್ಲಿ ಬೆರಳಿಟ್ಟು ನೋಡಿದೆ. ಪ್ರತಿಯೊಂದು ಮೆಟ್ಟಿಲಿಗೂ ಚಳಿ ಹೆಚ್ಚುತ್ತಲೇ ಹೋಗುತ್ತದೆ!

ಉತ್ತರ ನನ್ನ ಕಾಲಡಿಯ ನೆಲಮಾಳಿಗೆಯಲ್ಲೇ ಇತ್ತು. ಈ ಪ್ರಾಣಿ ಉಸಿರಾಡುವುದು ಬೆನ್ನ ನಡುಗೆರೆಯಲ್ಲಿರುವ ಏಳು ಸಣ್ಣ ರಂಧ್ರಗಳಿಂದ. ಆ ಬಾಗಿಲುಗಳನ್ನು ಮುಚ್ಚಿಕೊಳ್ಳಲು ಅದಕ್ಕೆ ಬಾರದು. ಒಣಗಾಳಿಯಲ್ಲಿ ಮೈಯ ತೇವವೆಲ್ಲ ಆರಿಹೋಗಿ ಸಾಯುತ್ತದೆ. ಹೀಗಾಗಿ ಅದಕ್ಕೆ ಬೇಕಾದುದು ಮೂರೇ: ಸ್ವಲ್ಪ ಬೆಚ್ಚಗಿನ ಜಾಗ, ತೇವ, ತಿನ್ನಲು ಹುಳುಹುಪ್ಪಟೆ. ಹೊರಗಿನ ಹಿಮದಲ್ಲಿ ಇವೊಂದೂ ಸಿಗುವುದಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಪಟ್ಟಣಗಳ ಮನೆಗಳೇ ಬದಲಾಗತೊಡಗಿದವು. ನೆಲಮಾಳಿಗೆಯಲ್ಲಿ ಒಲೆ ಇಟ್ಟು ಹಬೆಯನ್ನೋ ಬಿಸಿನೀರನ್ನೋ ಕೊಳವೆಯಲ್ಲಿ ಮೇಲೇರಿಸಿ ಮನೆಯನ್ನೆಲ್ಲ ಬೆಚ್ಚಗಿಡುವ ಪದ್ಧತಿ ಬಂತು. ಅಂಗಳದಲ್ಲಿದ್ದ ನೀರು ನಲ್ಲಿಯಾಗಿ ಒಳಗೆ ಬಂತು. ಬಚ್ಚಲು ಮನೆಯೊಳಗೇ ಸೇರಿಕೊಂಡಿತು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎನ್ನುವ ನಮ್ಮ ಗಾದೆಯಂತೆ, ಮನುಷ್ಯ ತನ್ನ ಸುಖಕ್ಕೆ ಕಟ್ಟಿಕೊಂಡ ಮನೆಯೊಳಗೆ ಮೆಡಿಟರೇನಿಯನ್ನಿನ ಒಂದು ಬೆಚ್ಚನೆಯ ಗವಿಯೇ ಸಿದ್ಧವಾಯಿತು. ಗುರಾಣಿ ಹೊತ್ತವಳು ಗೃಹಪ್ರವೇಶ ಮಾಡಿದಳು.

ಮಾರ್ಲಟ್ ಅವರ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಒಂದು ಸಂಗತಿ ಬೇರೆಯೇ ಇದೆ. ಈ ಪ್ರಾಣಿ ನೆಲದ ಮೇಲೆ ಸರ್ರನೆ ಓಡಿ, ತಟ್ಟನೆ ನಿಂತು, ಮತ್ತೆ ಓಡುವ ರೀತಿಯನ್ನು ಅವರು ಬಹಳ ಚೆನ್ನಾಗಿ ವರ್ಣಿಸುತ್ತಾರೆ. ವರ್ಣಿಸುತ್ತಾ, ಅದು ಮನೆಯವರತ್ತ, ಅದರಲ್ಲೂ ಹೆಂಗಸರತ್ತಲೇ ನುಗ್ಗುತ್ತದೆ, ಅವರ ಉಡುಪಿನ ಅಡಿಯಲ್ಲಿ ಅವಿತುಕೊಳ್ಳುವುದೇ ಅದರ ಉದ್ದೇಶವಿರಬೇಕು, ಇದರಿಂದ ದೊಡ್ಡ ಗಾಬರಿಯೇ ಉಂಟಾಗುತ್ತದೆ ಎಂಬ ಅರ್ಥದ ಮಾತನ್ನು ಸೇರಿಸುತ್ತಾರೆ. ಸರಕಾರಿ ವರದಿಯ ಗಂಭೀರ ಧ್ವನಿಯಲ್ಲೇ ತುಟಿಯಂಚಿನ ನಗೆಯೂ ಕೇಳಿಸುತ್ತದೆ. ನನಗೆ ಅಳಿಯನ ನಗೆ ನೆನಪಾಯಿತು.

ಆ ಕಾಲದ ಅಮೆರಿಕದ ಹೆಂಗಸರು ನೆಲ ಮುಟ್ಟುವ ಲಂಗ ತೊಡುತ್ತಿದ್ದರು. ನೆಲದಲ್ಲಿ ಓಡುವ, ಬೆಳಕಿಗೆ ಹೆದರುವ ಪ್ರಾಣಿಗೆ ಆ ಲಂಗದ ನೆರಳು ಒಂದು ಬಂಡೆಯಡಿಯ ಕತ್ತಲಂತೆ ಕಂಡಿದ್ದರೆ ಆಶ್ಚರ್ಯವೇನು? ತೇವದ ನೆಲಮಾಳಿಗೆಗೆ ಇಳಿದು ಬಟ್ಟೆ ಒಗೆಯುತ್ತಿದ್ದವರು, ಬಚ್ಚಲು ಉಜ್ಜುತ್ತಿದ್ದವರು, ಮಂದ ದೀಪದಲ್ಲಿ ಉಗ್ರಾಣದ ಡಬ್ಬ ತಡಕುತ್ತಿದ್ದವರು ಹೆಚ್ಚಾಗಿ ಅವರೇ. ಗಂಡಸರಿಗೆ ಅದು ಎದುರಾಗುವ ಸಂದರ್ಭವಾದರೂ ಎಷ್ಟು ಇದ್ದೀತು? ಹೆದರಿಕೆಗೆ ಕಾರಣವಾದ ಕೆಲಸ ಯಾರ ಪಾಲಿಗಿದೆ ಎಂದು ಕೇಳದೆ, ಹೆದರಿದವಳನ್ನು ನೋಡಿ ನಗುವುದು ಸುಲಭ. ನಮ್ಮ ಮನೆಗಳಲ್ಲೂ ಹಂಡೆಯ ಹಿಂದಿನ ಜರಿ, ಅಕ್ಕಿ ಡಬ್ಬದ ಹಿಂದಿನ ಜಿರಲೆ ಯಾರಿಗೆ ಮೊದಲು ಕಾಣುತ್ತವೆ ಹೇಳಿ.

ಮಾರ್ಲಟ್ ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರು ದೊಡ್ಡ ವಿದ್ವಾಂಸರು. ಹೊರದೇಶದ ಗಿಡಗಳೊಂದಿಗೆ ಕೀಟ, ರೋಗ ಬಾರದಂತೆ ತಡೆಯುವ 1912ರ ಅಮೆರಿಕದ ಕಾಯಿದೆಗಾಗಿ ಹೋರಾಡಿದವರು. ಈ ಪ್ರಾಣಿ ಮನೆಯ ನೊಣ, ಜಿರಲೆಗಳನ್ನು ತಿಂದು ಉಪಕಾರ ಮಾಡುತ್ತದೆ ಎಂಬುದನ್ನೂ ಅವರು ಒಪ್ಪುತ್ತಾರೆ. ಆದರೂ ಅದರ ರೂಪ ಅಸಹ್ಯ, ಕಚ್ಚಿದರೂ ಕಚ್ಚೀತು. ಆದ್ದರಿಂದ ಕಂಡದ್ದನ್ನು ಕೊಂದುಬಿಡುವುದು ಲೇಸು ಎಂಬ ತೀರ್ಮಾನಕ್ಕೆ ಬರುತ್ತಾರೆ. ಗುಣವೆಲ್ಲ ಹೇಳಿ ಕಡೆಗೆ ರೂಪ ನೋಡಿ ತಳ್ಳಿಹಾಕುವ ಈ ಬಗೆಯ ತೀರ್ಪನ್ನು ನಾವು ಹೆಂಗಸರು ಬೇರೆ ಕಡೆಯೂ ಕೇಳಿದ್ದೇವೆ, ಹೆಣ್ಣು ನೋಡಲು ಬಂದವರ ಬಾಯಲ್ಲಿ!

ಆ ಬರಹ ಅಚ್ಚಾದ 1902ರಲ್ಲಿಯೇ ಲಂಡನ್ನಿನಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಅವಳೇ ಸಿಡ್ನಿ ಮ್ಯಾಂಟನ್. ಕೇಂಬ್ರಿಜ್ಜಿನ ಗರ್ಟನ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದಳು. ಹೆಂಗಸರಿಗೆ ಕೇಂಬ್ರಿಜ್ ವಿಶ್ವವಿದ್ಯಾಲಯ ಪೂರ್ಣ ಪದವಿ ಕೊಡತೊಡಗಿದ್ದು 1948ರಲ್ಲಿ. ಅದೇ ವರ್ಷ ಮ್ಯಾಂಟನ್ ಇಂಗ್ಲೆಂಡಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಸಸ್ಯವಿಜ್ಞಾನಿಯಾಗಿದ್ದ ತಂಗಿ ಐರೀನ್ ಮ್ಯಾಂಟನ್ 1961ರಲ್ಲಿ ಅದೇ ಗೌರವ ಪಡೆದರು. ಅಕ್ಕತಂಗಿಯರಿಬ್ಬರೂ ಆ ಸೊಸೈಟಿಯ ಫೆಲೋಗಳಾದದ್ದು ಅದೇ ಮೊದಲು.

ಈ ಸಿಡ್ನಿ ಮ್ಯಾಂಟನ್ ಹಲವು ವರ್ಷ ಕುಳಿತು ನೋಡಿದ್ದು ಏನನ್ನು ಎಂದುಕೊಂಡಿರಿ? ಜರಿ, ಸಹಸ್ರಪದಿ, ಹುಳುಗಳ ಕಾಲುಗಳನ್ನು! ಇಷ್ಟೊಂದು ಕಾಲಿದ್ದೂ ಅವು ಎಡವದೆ ಓಡುವುದು ಹೇಗೆ ಎಂಬುದು ಅವರ ಪ್ರಶ್ನೆ. ನಾವು ನೋಡಿದರೆ ಓಡಿಹೋಗುವ ಈ ಉದ್ದಗಾಲಿನದನ್ನೂ ಅವರು ಸಾವಧಾನವಾಗಿ ನೋಡಿದರು. ಅದಕ್ಕೆ ಹದಿನೈದು ಜೊತೆ ಕಾಲು. ಮುಂದಿನವು ಗಿಡ್ಡ, ಹಿಂದೆ ಹೋದಂತೆ ಉದ್ದ. ಆದ್ದರಿಂದ ಹಿಂದಿನ ಕಾಲು ಮುಂದಿನದರ ಹೊರಗಿನಿಂದ ಹಾದು ಹೋಗುತ್ತದೆ, ಒಂದಕ್ಕೊಂದು ತೊಡರುವುದಿಲ್ಲ. ಹದಿನೈದು ಜೊತೆ ಕಾಲಿಗೆ ಬೆನ್ನ ಮೇಲೆ ದೊಡ್ಡ ತಗಡು ಇರುವುದು ಏಳೇ. ಲಾಮಾರ್ಕ್ ಗುರಾಣಿ ಎಂದದ್ದು ಇವನ್ನೇ. ಉದ್ದನೆಯ ಈ ತಗಡುಗಳು ಮೈಯನ್ನು ಬಿಗಿಯಾಗಿ ಹಿಡಿಯುವುದರಿಂದ ಓಟದ ಭರದಲ್ಲಿ ಅದು ಹಾವಿನಂತೆ ಬಳುಕುವುದಿಲ್ಲ, ನೇರವಾಗಿ ಸಾಗುತ್ತದೆ. ಒಂದು ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ಓಡಬಲ್ಲದು. ಅದರ ಗಾತ್ರಕ್ಕೆ ಅದು ಕುದುರೆಯ ಓಟವೇ ಸರಿ.

ಒಂದು ಪ್ರಾಣಿ, ಒಂದೇ ಓಟ. ಅದನ್ನು ಕಂಡು ಒಬ್ಬರಿಗೆ ಹೆಂಗಸರ ಗಾಬರಿ ನೆನಪಾಯಿತು. ಆ ವರ್ಷವೇ ಹುಟ್ಟಿದ ಹೆಂಗಸೊಬ್ಬಳಿಗೆ ಅದರಲ್ಲಿ ಒಂದು ಪ್ರಶ್ನೆ ಕಂಡಿತು. ಇದನ್ನು ಓದಿ ಮಗಳಿಗೆ ಹೇಳಿದಾಗ ಅವಳು ಮಗುವಿನ ಕಾಲು ನೀವುತ್ತಾ, "ನಾವೂ ನೋಡೋಣ, ಆದರೆ ಸ್ವಲ್ಪ ದೂರದಿಂದ" ಎಂದಳು.

ಮಗಳೊಂದಿಗೆ ಸಂಜೆ ಹೊತ್ತು ನೆಲಮಾಳಿಗೆಯ ಮೆಟ್ಟಿಲ ಮೇಲೆ ಕುಳಿತು ಮೂರು ನಾಲ್ಕು ದಿನ ನೋಡಿದೆವು. ಅದು ಬೇಟೆಯಾಡುವುದು ರಾತ್ರಿಯಲ್ಲಿ. ಜಿರಲೆ, ಗೆದ್ದಲು, ತಿಗಣೆ, ಜೇಡ, ಪುಸ್ತಕ ತಿನ್ನುವ ಬೆಳ್ಳಿಹುಳ ಇವೇ ಆಹಾರ. ತಲೆಯ ಕೆಳಗಿನ ಮೊದಲ ಜೊತೆ ಕಾಲುಗಳೇ ಇದಕ್ಕೆ ವಿಷದ ಕೊಂಡಿಗಳಾಗಿ ಮಾರ್ಪಟ್ಟಿವೆ. ಅವು ಆ ಹದಿನೈದು ಜೊತೆಯ ಲೆಕ್ಕಕ್ಕೆ ಸೇರುವುದಿಲ್ಲ. ಬೇಟೆಯ ಮೇಲೆ ಹಾರಿ, ಕಾಲುಗಳಿಂದ ಹಗ್ಗದಂತೆ ಸುತ್ತಿ ಹಿಡಿಯುತ್ತದೆ. ನಮ್ಮ ದಿನಸಿಯನ್ನಾಗಲಿ, ಬಟ್ಟೆಯನ್ನಾಗಲಿ, ಮರವನ್ನಾಗಲಿ ಮುಟ್ಟುವುದಿಲ್ಲ. ಶತ್ರು ಕಾಲು ಹಿಡಿದರೆ ಆ ಕಾಲನ್ನೇ ಕಳಚಿ ಕೊಟ್ಟು ಓಡಿಹೋಗುತ್ತದೆ. ಮುಂದೆ ಪೊರೆ ಬಿಟ್ಟಾಗ ಹೊಸ ಕಾಲು ಬರುತ್ತದೆ.

ತಾಯ್ತನದ ಸಂಗತಿಯಂತೂ ಬಾಣಂತಿಯ ಕೋಣೆಯಲ್ಲಿ ಓದಲು ತಕ್ಕುದಾಗಿಯೇ ಇತ್ತು. ಹೆಣ್ಣು ಸುಮಾರು ಅರವತ್ತರಷ್ಟು ಮೊಟ್ಟೆ ಇಡುತ್ತದೆ, ಅದೂ ಒಂದೊಂದಾಗಿ, ಒಂದೊಂದಕ್ಕೂ ಮಣ್ಣು ಮೆತ್ತಿ. ಮರಿ ಹುಟ್ಟುವಾಗ ನಾಲ್ಕೇ ಜೊತೆ ಕಾಲು. ಮೊದಲ ಪೊರೆ ಬಿಟ್ಟಾಗ ಐದು, ಆಮೇಲೆ ಏಳು, ಒಂಬತ್ತು, ಹನ್ನೊಂದು, ಹದಿಮೂರು, ಹದಿನೈದು. ನಮ್ಮ ಮಕ್ಕಳು ಒಂದೊಂದೇ ತರಗತಿ ದಾಟುವ ಹಾಗೆ. ಹೀಗೆ ಬೆಳೆದು ಮೂರರಿಂದ ಏಳು ವರ್ಷ ಬದುಕುತ್ತದೆ. ಇವುಗಳ ವಂಶ ಎಷ್ಟು ಹಳೆಯದೆಂದರೆ, ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಸುಮಾರು 40 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಇದೇ ಬಳಗದ ಕಾಲುಗಳ ಪಳೆಯುಳಿಕೆ ಸಿಕ್ಕಿದೆ. ಡೈನೋಸಾರ್‌ಗಳು ಬಂದು ಹೋದದ್ದು ಅದಾದ ಎಷ್ಟೋ ಕಾಲದ ಮೇಲೆ. ಮನೆ ಯಾರದು, ಬಾಡಿಗೆಗೆ ಬಂದವರು ಯಾರು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ.

ಹಾಗೆಂದು ಅದನ್ನು ಮಗುವಿನ ತೊಟ್ಟಿಲಿಗೆ ಕರೆದು ಕೂರಿಸಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಮಗಳ ಆತಂಕ ನಿಜವಾದದ್ದು, ಅದಕ್ಕೆ ಪರಿಹಾರವೂ ಬೇಕು. ಆದರೆ ಆ ಹುಳ ಮನೆಯಲ್ಲಿ ಹೆಚ್ಚಾಗಿದೆ ಎಂದರೆ ಎರಡು ಸುದ್ದಿ ಹೇಳುತ್ತಿದೆ ಎಂದು ಅರ್ಥ: ಎಲ್ಲೋ ತೇವ ನಿಂತಿದೆ, ಎಲ್ಲೋ ಬೇರೆ ಹುಳುಗಳು ಹೆಚ್ಚಿವೆ. ಸುದ್ದಿ ತಂದವಳನ್ನು ಕೊಂದರೆ ಸುದ್ದಿ ಸುಳ್ಳಾಗುವುದಿಲ್ಲ. ಬಚ್ಚಲಿನಲ್ಲಿ ಬೆಕ್ಕು ಸತ್ತ ಕಥೆಯನ್ನು ನಾನು ಮಗಳಿಗೆ ಅದುವರೆಗೆ ಹೇಳಿರಲಿಲ್ಲ. ಅಂದು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ತೆವಳುವ ವಯಸ್ಸಿಗೆ ಬರಲಿರುವ ಮಗುವನ್ನು ನೋಡಿ, "ನೆಲಕ್ಕೆಲ್ಲ ಔಷಧ ಹೊಡೆಸುವುದು ಬೇಡ" ಎಂದಳು.

ಮುಂದಿನ ಶನಿವಾರ ಮೂವರೂ ಸೇರಿ ನೆಲಮಾಳಿಗೆಗೆ ಇಳಿದೆವು. ಗೋಡೆಗೆ ಒರಗಿಸಿದ್ದ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ತೆಗೆದಾಗ ಅಡಿಯೆಲ್ಲ ಒದ್ದೆ. ಬೆಳ್ಳಿಹುಳಗಳ ಜಾತ್ರೆಯೇ ಅಲ್ಲಿತ್ತು. ಪೆಟ್ಟಿಗೆಗಳನ್ನು ಹೊರಗೆ ಹಾಕಿದೆವು. ತೊಟ್ಟಿಕ್ಕುತ್ತಿದ್ದ ಒಂದು ಕೊಳವೆಯನ್ನು ಅಳಿಯ ಸರಿಮಾಡಿಸಿದ. ಗಾಳಿಯ ತೇವ ಹೀರುವ ಯಂತ್ರವೊಂದನ್ನು ತಂದಿಟ್ಟ. ಬಚ್ಚಲ ನೀರು ಹೋಗುವ ಕಿಂಡಿಗೆ ಜಾಲರಿ ಹಾಕಿ, ಗೋಡೆಯ ಬಿರುಕುಗಳಿಗೆ ಗಾರೆ ಮೆತ್ತಿದೆವು. ಮಗುವಿನ ತೊಟ್ಟಿಲನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದೆವು. ನಮ್ಮ ಅಮ್ಮಂದಿರು ಮಳೆಗಾಲಕ್ಕೆ ಮುಂಚೆ ಸೌದೆ ಜರುಗಿಸಿ, ಬಚ್ಚಲು ಉಜ್ಜಿ, ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದರಲ್ಲ, ಅದಕ್ಕಿಂತ ಇದು ಹೆಚ್ಚೇನೂ ಅಲ್ಲ. ಕೊಳೆ, ತೇವ ಇಲ್ಲದ ಕಡೆ ಆ ಗುರಾಣಿ ಹೊತ್ತವಳಿಗೆ ಕೆಲಸವೂ ಇಲ್ಲ, ನೆಲೆಯೂ ಇಲ್ಲ.

ನಾನು ಊರಿಗೆ ಮರಳಿ ಶಾಲೆ ಸೇರಿದ ಮೇಲೆ ಒಂದು ಭಾನುವಾರ ಮಗಳು ಫೋನು ಮಾಡಿದಳು. ಮಗುವಿನ ಹಲ್ಲು, ಅನ್ನಪ್ರಾಶನ, ಅಲ್ಲಿಯ ಹಿಮ ಎಲ್ಲದರ ಮಾತು ಮುಗಿದ ಮೇಲೆ, "ಅಮ್ಮಾ, ನಿನ್ನೆ ರಾತ್ರಿ ಬಚ್ಚಲಿಗೆ ಅವಳು ಬಂದಿದ್ದಳು. ಬಹಳ ದಿನದ ಮೇಲೆ, ಒಬ್ಬಳೇ" ಎಂದಳು.

"ಏನು ಮಾಡಿದೆ?" ಎಂದು ಕೇಳಿದೆ.

"ಮೊದಲು ಕೂಗಿಕೊಂಡೆ. ಆಮೇಲೆ ಲೋಟ ತಂದೆ."

ಅಳಿಯ ನಕ್ಕನೇ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು, ದಪ್ಪ ಕಾಗದ ಹಿಡಿದುಕೊಂಡು ನಿಂತಿದ್ದವನು ಅವನೇ ಎಂದು.